ಸಾರ್ಜೆಂಟ್ ಅಂಬೆಟ್ಸಾ ನೆಲಕ್ಕೆ ಬಿದ್ದದ್ದು

ಬೆಳಗಿನ ಜಾವ ತಗಡಿನ ಸೂರಿನ ಮೇಲೆ ಒಂದು ಬೆಣ್ಣೆಹಣ್ಣು ಬಿತ್ತು. ‘ಢಬ್’ ಎಂದದ್ದೇ ತಡ, ನಿವೃತ್ತ ಸಾರ್ಜೆಂಟ್ ಅಂಬೆಟ್ಸಾ ಮಂಚದ ಕೆಳಗಿದ್ದ. ಒಬ್ಬನೇ ಹೋಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೆಂಡತಿ ರೋಸ್ಲಿಡಾಳನ್ನೂ ಎಳೆದುಕೊಂಡು, ಅವಳ ಮೇಲೆ ಕವುಚಿ ಮಲಗಿದ್ದ.

“ಹಣ್ಣು ಕಣ್ರೀ, ಹಣ್ಣು! ಏಳಿ ಮೇಲೆ, ಉಸಿರು ಕಟ್ತಿದೆ!” ರೋಸ್ಲಿಡಾ ಕಿರುಚಿದಳು.

ಸೊಮಾಲಿಯಾದ ಯುದ್ಧದಿಂದ ಬಂದಾಗಿನಿಂದ ಇದೇ ಕತೆ. ಸರಕಾರ ಅವನ ಎದೆಗೊಂದು ಪದಕ ಚುಚ್ಚಿ ಮನೆಗೆ ಅಟ್ಟಿತ್ತು. ಆ ಎದೆಯೊಳಗೆ ಏನಾಗಿದೆಯಪ್ಪಾ ಎಂದು ಕೇಳುವ ಸೌಜನ್ಯ ಒಬ್ಬ ಮಹಾರಾಯನಿಗೂ ಇರಲಿಲ್ಲ.

“ಇವತ್ತು ಆಸ್ಪತ್ರೆಗೆ ಮನಸ್ಸಿನ ಡಾಕ್ಟರಮ್ಮ ಬರ್ತಾರೆ. ಹೋಗಿ ಬನ್ನಿ. ಇಲ್ದಿದ್ರೆ ನಾನು ತವರಿಗೆ ಹೋಗ್ತೀನಿ. ಮಂಚದ ಕೆಳಗೆ ಸಂಸಾರ ಮಾಡಿ ನನಗೆ ಸಾಕಾಯ್ತು.” ಅವಳ ಕಣ್ಣಲ್ಲಿ ನೀರಿತ್ತು. ತಮಾಷೆಗೆ ಹೇಳುತ್ತಿಲ್ಲವೆಂದು ಅಂಬೆಟ್ಸಾನಿಗೆ ಗೊತ್ತಾಯಿತು.

ಕಾಕಮೆಗಾ ಪೇಟೆಗೆ ಹೋಗುವ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಪಕ್ಕದ ಮನೆಯ ಸಬೆಟಿಯಮ್ಮ, ಊರವರ ಬಾಯಲ್ಲಿ ಮಾಮಾ ಸಬೆಟಿ, ಅವನ ಪಕ್ಕದಲ್ಲೇ ಕೂತಳು. ಊರಿನ ಸುದ್ದಿಯೆಲ್ಲ ಅವಳ ಬಾಯಿ ದಾಟಿಯೇ ಊರಿಗೆ ಹೋಗಬೇಕು.

“ಎಲ್ಲಿಗೆ ಅಫಾಂಡೆ, ಇಷ್ಟು ಬೆಳಿಗ್ಗೆ?” ಒಮ್ಮೆ ಸೈನಿಕನಾದವನು ಸಾಯುವವರೆಗೂ ಊರಿಗೆ ಅಫಾಂಡೆಯೇ.

“ಹಲ್ಲುನೋವು,” ಎಂದುಬಿಟ್ಟ ಅಂಬೆಟ್ಸಾ. ಇನ್ನೇನು ಹೇಳಬೇಕಿತ್ತು? ಭಯ ಎಂದರೆ ಸಂಜೆಯೊಳಗೆ ಹುಚ್ಚನೆಂದು ಹೆಸರಿಡುವ ಜನ!

“ಅಯ್ಯೋ ಪಾಪ! ಯಾವ ಹಲ್ಲು? ಆ ಅನ್ನಿ!”

ವ್ಯಾನಿನಲ್ಲಿದ್ದವರೆಲ್ಲ ಸರದಿಯಂತೆ ಬಗ್ಗಿ ಅವನ ಬಾಯಿ ನೋಡಿದರು. ಒಬ್ಬ ಲವಂಗ ಎಂದ, ಇನ್ನೊಬ್ಬ ಸೀಮೆಎಣ್ಣೆ ಎಂದ. ಡ್ರೈವರ್ ಅಂತೂ ಗಾಡಿ ನಿಲ್ಲಿಸಿ ಇಕ್ಕಳವನ್ನೇ ತಂದ. ಇಲ್ಲದ ನೋವಿಗೆ ಎಷ್ಟೊಂದು ಔಷಧ, ಇರುವ ನೋವಿಗೆ ಒಂದೂ ಇಲ್ಲ! ಆಸ್ಪತ್ರೆಯಲ್ಲೂ ಸಬೆಟಿ ಅವನ ಕೈ ಬಿಡಲಿಲ್ಲ. ಹಲ್ಲಿನ ಡಾಕ್ಟರ ಮುಂದೆ ಕೂರಿಸಿ, ಪ್ರಾರ್ಥನೆ ಮಾಡಿ, ಗಟ್ಟಿಮುಟ್ಟಾಗಿದ್ದ ಒಂದು ದವಡೆಹಲ್ಲು ಕೀಳಿಸಿಯೇ ತನ್ನ ಕೆಲಸಕ್ಕೆ ಹೋದಳು.

ಬಾಯಲ್ಲಿ ಹತ್ತಿ ತುರುಕಿಕೊಂಡೇ ಅಂಬೆಟ್ಸಾ ಡಾಕ್ಟರಮ್ಮ ಕೆರೂಬೋ ಅವರ ಕೋಣೆಯ ಹೊರಗೆ ಮಧ್ಯಾಹ್ನದವರೆಗೂ ಕಾದ. ಕೊನೆಗೆ ಒಳಗೆ ಕರೆದರು. ಆಕೆ ಅವಸರ ಮಾಡಲಿಲ್ಲ, ನಗಲಿಲ್ಲ.

“ನಿಧಾನಕ್ಕೆ ಹೇಳಿ. ನಾನು ಕೇಳ್ತೀನಿ.”

ಅವನು ಹತ್ತಿ ತೆಗೆದ. ಇಷ್ಟು ವರ್ಷ ಹೆಂಡತಿಗೂ ಹೇಳದ ಹೆಸರು ನಾಲಿಗೆಗೆ ಬಂತು. “ಮುತಿಸ್ಯಾ ಅಂತ ಒಬ್ಬ ಗೆಳೆಯ ಇದ್ದ, ಮೇಡಂ. ಅವತ್ತು ಲಾರಿ ಓಡಿಸ್ಬೇಕಾಗಿದ್ದು ನಾನು...”

ಬಾಗಿಲು ದಡಾರನೆ ತೆರೆಯಿತು. “ಎಲ್ಲರೂ ಹೊರಗೆ! ಮಾನ್ಯ ಲಿಜೋದಿ ಬಂದ್ರು! ಹೊಸ ಆಂಬುಲೆನ್ಸ್ ಕೊಡ್ತಾರೆ, ಚಪ್ಪಾಳೆಗೆ ಜನ ಬೇಕು!” ಎಂದು ಮೇಲ್ವಿಚಾರಕ ಕೂಗಿದ.

ಕೆರೂಬೋ ಬೇಡವೆಂದರೂ ಕೇಳುವವರಿಲ್ಲ. ಮುತಿಸ್ಯಾನ ಕತೆ ಅರ್ಧಕ್ಕೇ ನಿಂತಿತು. ಲಿಜೋದಿ ಕೌಂಟಿ ಸಭೆಯ, ಅಂದರೆ ಜಿಲ್ಲಾ ಸಭೆಯ, ಸದಸ್ಯ. ಅಂಥವನ ಮೆರವಣಿಗೆ ಎಂದರೆ ಮುಂದೆ ಬಾಡಿಗೆ ಬೈಕಿನ ಹುಡುಗರ ದಂಡು ಇರಲೇಬೇಕು. ಅವರು ಬೇಕೆಂದೇ ಸೈಲೆನ್ಸರ್ ಸಿಡಿಸುವುದೇ ಅಲ್ಲಿಯ ಮರ್ಯಾದೆ. ಎಷ್ಟು ಸದ್ದೋ ಅಷ್ಟು ದೊಡ್ಡ ನಾಯಕ.

ಆಸ್ಪತ್ರೆಯ ಅಂಗಳದಲ್ಲಿ ಲಿಜೋದಿ ಕೈ ಕುಲುಕುತ್ತಾ ಅಂಬೆಟ್ಸಾನ ಎದುರಿಗೆ ಬರುವುದಕ್ಕೂ ಬೈಕುಗಳು ‘ಪಟಾರ್! ಪಟಾರ್!’ ಎನ್ನುವುದಕ್ಕೂ ಸರಿಹೋಯಿತು. ಅಂಬೆಟ್ಸಾ ಕೈಗೆ ಸಿಕ್ಕವನನ್ನು ಎಳೆದುಕೊಂಡು ಕೆಸರಿಗೆ ಬಿದ್ದ, ಮೇಲೆ ಕವುಚಿ ಮಲಗಿದ. ಕೈಗೆ ಸಿಕ್ಕಿದ್ದು ಮಾನ್ಯರೇ.

ಹೆಂಗಸರ ಕೇಕೆ ಮುಗಿಲಿಗೇರಿತು.

“ಪ್ರಾಣ ಕೊಡೋಕೆ ನಿಂತ! ನನ್ನ ಕಾವಲಿನವರು ಎಲ್ಲಿ ಸತ್ರು?” ಕೆಸರು ಉಗುಳುತ್ತಾ ಲಿಜೋದಿ ಗುಡುಗಿದ. “ಇವತ್ತಿಂದ ನೀನೇ ನನ್ನ ಅಂಗರಕ್ಷಕ!”

“ಸ್ವಾಮಿ, ನನಗೆ ಕಾಯಿಲೆ! ಸದ್ದಾದ್ರೆ ಜೀವ ಬಾಯಿಗೆ ಬರುತ್ತೆ. ಅದಕ್ಕೇ ಇಲ್ಲಿಗೆ ಬಂದಿದ್ದು!”

“ವಿನಯ ನೋಡ್ರಯ್ಯಾ, ವಿನಯ!”

“ಅವರು ಹೇಳ್ತಿರೋದು ನಿಜ,” ಕೆರೂಬೋ ಮುಂದೆ ಬಂದು ಸಿಟ್ಟಿನಿಂದ ಹೇಳಿದರು. “ಇವರು ನನ್ನ ರೋಗಿ. ಚಿಕಿತ್ಸೆ ಇನ್ನೂ ಶುರುವಾಗಿಲ್ಲ.”

“ರೋಗಿನಾ?” ಲಿಜೋದಿ ಹೊಟ್ಟೆ ಕುಣಿಸಿ ನಕ್ಕ. “ಇಂಥ ಗಂಡುಗಳಿಗೆ ಭಯದ ಡಾಕ್ಟರ್ ಬೇರೆ! ಮೇಡಂನ ಬೇರೆ ಊರಿಗೆ ಕಳ್ಸಿ. ಆ ಕೋಣೆ ನನ್ನ ಕಚೇರಿಗೆ ಇರ್ಲಿ.” ಮೇಲ್ವಿಚಾರಕ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ನಾಚಿಕೆಗೆಟ್ಟವನು!

ಸಂಜೆ ಅಂಬೆಟ್ಸಾನನ್ನು ಬೈಕಿನ ಮೇಲೆ ಮೆರೆಸುತ್ತಾ ಮನೆಗೆ ತಂದರು. ದಾರಿಯುದ್ದಕ್ಕೂ ಅವನು ಕಣ್ಣು ಮುಚ್ಚಿ ಬೈಕಿನವನ ಸೊಂಟ ಹಿಡಿದುಕೊಂಡಿದ್ದ. ರೋಸ್ಲಿಡಾ ಬಾಗಿಲಿಗೆ ಓಡಿ ಬಂದಳು.

“ಡಾಕ್ಟರಮ್ಮ ಸಿಕ್ಕಿದ್ರಾ? ಔಷಧಿ ಕೊಟ್ರಾ?”

“ಕೆಲಸ ಕೊಟ್ರು,” ಎಂದ ಅಂಬೆಟ್ಸಾ.

“ಕೆಲಸಾನಾ? ಏನ್ ಕೆಲಸ?”

ಬೈಕಿನ ಹುಡುಗರು ಹೊರಡುವ ಮುನ್ನ ಗೌರವಕ್ಕೆಂದು ಒಟ್ಟಿಗೇ ಸೈಲೆನ್ಸರ್ ಸಿಡಿಸಿದರು. ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲಿ ಬಿದ್ದರು, ಅವಳು ಕೆಳಗೆ, ಅವನು ಮೇಲೆ.

ಬೇಲಿಯಾಚೆಯಿಂದ ಮಾಮಾ ಸಬೆಟಿ ಊರಿಗೆಲ್ಲ ಕೇಳುವಂತೆ ಕೂಗಿದಳು. “ನೋಡಿ, ನೋಡಿ! ಅಫಾಂಡೆ ಮನೇಲೂ ಅಂಗರಕ್ಷಣೆ ಅಭ್ಯಾಸ ಮಾಡ್ತಿದ್ದಾರೆ!”