ಅಜ್ಞಾತ ವರ್ಗದ ಕಂಪ್ಯೂಟರು

ಸರ್ಕಾರಿ ಕಚೇರಿಯು ಜನಜೀವನದ ಕನ್ನಡಿಯಾಗಿರತಕ್ಕದ್ದು. ಆದ್ದರಿಂದ ದೇಶದ ಜನ ಯಾವ ಆಪರೇಟಿಂಗ್ ಸಿಸ್ಟಂ ಅನ್ನು ಎಷ್ಟು ಪಾಲು ಬಳಸುತ್ತಾರೋ, ಕಚೇರಿಯ ಮೇಜುಗಳ ಮೇಲೂ ಅದು ಅಷ್ಟೇ ಪಾಲು ಇರಬೇಕೆಂದು ಬಲ್ಗೇರಿಯದ ಸ್ತುದೆನಾ ಬಾರಾ ಪುರಸಭೆ ಸರ್ವಾನುಮತದಿಂದ ನಿರ್ಣಯಿಸಿತು. ಪ್ರತಿ ತಿಂಗಳು ಮಾರುಕಟ್ಟೆ ವರದಿ ಬಂದ ಕೂಡಲೇ ಕಂಪ್ಯೂಟರುಗಳನ್ನು ಬದಲಿಸಲಾಗುತ್ತಿತ್ತು. ಲಿನಕ್ಸ್ ಪಾಲು ಏರಿದಾಗ ತೆರಿಗೆ ಗುಮಾಸ್ತ ಅತ್ತ. ಅದು ಇಳಿಯುವಷ್ಟರಲ್ಲಿ ಕಲಿತುಬಿಟ್ಟಿದ್ದರಿಂದ ಮತ್ತೆ ಅತ್ತ.

ವರದಿಯ ಕೊನೆಗೆ 'ಅಜ್ಞಾತ' ಎಂಬ ವರ್ಗವಿತ್ತು. ಜನ ಏನು ಬಳಸುತ್ತಿದ್ದಾರೆಂದು ಪತ್ತೆಯಾಗದ ಪಾಲು ಅದು. ಜೂನ್‌ನಲ್ಲಿ ಅದು ಕಚೇರಿಯ ಒಂದು ಮೇಜಿನ ಪಾಲಿನಷ್ಟು ಬೆಳೆಯಿತು. ಮೇಯರ್ ಗೆಂಚೊ ತಮ್ಮ ಭಾವಮೈದನ ಅಂಗಡಿಯಿಂದಲೇ ಅಜ್ಞಾತ ಕಂಪ್ಯೂಟರೊಂದನ್ನು ತರಿಸಿದರು. ಸುತ್ತ ಕ್ಯಾನ್ವಾಸ್ ಹೊಲಿದಿದ್ದ ಆ ಪೆಟ್ಟಿಗೆ ಜನನ-ವಿವಾಹ ನೋಂದಣಿಯ ಪೆನ್ಕಾಳ ಪಾಲಿಗೆ ಬಂತು.

"ಮೇಯರ್ ಸಾಹೇಬ್ರೇ, ಇದು ಯಾವ ಸಿಸ್ಟಂ?"

"ಅಜ್ಞಾತ, ಪೆನ್ಕಮ್ಮ."

"ಅಂದ್ರೆ ನಿಮಗೂ ಗೊತ್ತಿಲ್ವಾ?"

"ಗೊತ್ತಾದ್ರೆ ಅಜ್ಞಾತ ಹೇಗಾಗುತ್ತೆ? ಬಿಚ್ಚಿಗಿಚ್ಚಿ ನೋಡೀರಿ ಮತ್ತೆ, ದೇಶದ ಅಂಕಿಅಂಶವೇ ಕೆಟ್ಟುಹೋಗುತ್ತೆ."

"ಕೆಲಸ ಹೇಗೆ ಮಾಡ್ಲಿ?"

"ಅದರ ಮುಂದೆ ಕೂತ್ಕೊಂಡು ಮಾಡಿ."

ಪೆನ್ಕಾ ಕೂತಳು, ಹಳೇ ನೋಂದಣಿ ಪುಸ್ತಕ ಬಿಡಿಸಿ ಪೆನ್ನು ತೆಗೆದಳು. ಮುದುಕ ಸ್ಪಿರಿದೋನ್ ಪಕ್ಕದ ಮನೆಯ ವಿಧವೆ ಯೊರ್ದಾಂಕಾಳನ್ನು ಮದುವೆಯಾಗಲು ವಸಂತದಿಂದಲೂ ಕಚೇರಿಗೆ ಅಲೆಯುತ್ತಿದ್ದ. ಹೋದಾಗಲೆಲ್ಲ ಕಂಪ್ಯೂಟರ್ ಬದಲಾಗುತ್ತಿತ್ತು. ಈ ಸಲ ಕುರ್ಚಿ ಬೆಚ್ಚಗಾಗುವ ಮೊದಲೇ ನೋಂದಣಿ ಮುಗಿಯಿತು.

"ಇಷ್ಟೇನಾ? ಯೋಚಿಸೋಕೂ ಪುರುಸೊತ್ತು ಕೊಡ್ಲಿಲ್ವಲ್ಲಮ್ಮ!" ಎಂದ ಮುದುಕ.

"ಇಷ್ಟು ದಿನ ಯೋಚಿಸಿದ್ದು ಸಾಲದಾ? ಹಾಕಿ ಸಹಿ," ಎಂದು ಯೊರ್ದಾಂಕಾ ಗದರಿದಳು.

ಸುದ್ದಿ ಹಬ್ಬಿ, ಊರಿನ ಸಾಲೆಲ್ಲ ಪೆನ್ಕಾಳ ಮೇಜಿಗೇ ತಿರುಗಿತು. ಅಜ್ಞಾತದ ಪಾಲೂ ಏರುತ್ತಲೇ ಹೋಯಿತು, ಪೆಟ್ಟಿಗೆಗಳೂ ಬರುತ್ತಲೇ ಹೋದವು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪೆನ್ಕಾಗೆ ತಡೆಯಲಾಗಲಿಲ್ಲ. ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಒಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಇಟ್ಟಿಗೆಗಳು.

ಮೈಯೆಲ್ಲ ಉರಿದು ಮೇಯರರ ಕೋಣೆಗೆ ನುಗ್ಗಿದಳು. "ಕಂಪ್ಯೂಟರ್ ದುಡ್ಡು ತಗೊಂಡು ಇಟ್ಟಿಗೆ ಕೊಟ್ಟಿದಾರಲ್ರೀ!"

ಗೆಂಚೊ ಸಿಟ್ಟಾಗಲಿಲ್ಲ, ನೊಂದುಕೊಂಡರು. "ಎಂಥ ಕೆಲಸ ಮಾಡಿದ್ರಿ ಪೆನ್ಕಮ್ಮ. ನೀವೀಗ ತಿಳಿದವರಾದ್ರಿ. ನಿಯಮದ ಪ್ರಕಾರ ನಾಳೆಯಿಂದ ನಿಮಗೆ ಜ್ಞಾತ ಕಂಪ್ಯೂಟರ್ ಕೊಡಬೇಕಾಗುತ್ತೆ."

ಪೆನ್ಕಾ ಬಾಗಿಲಾಚೆ ನೋಡಿದಳು. ತೆರಿಗೆ ಗುಮಾಸ್ತ ಪರದೆಯ ಮೇಲೆ ಗಿರಗಿರ ಸುತ್ತುವ ಚಕ್ರವನ್ನು ನೋಡುತ್ತ ಬೆಳಗಿನಿಂದ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಅವಳ ಮೇಜಿನ ಮುಂದೆ ಬಾಣಂತಿಯೊಬ್ಬಳು ಜನನ ಪ್ರಮಾಣಪತ್ರಕ್ಕಾಗಿ ಕೂಸನ್ನು ತೂಗುತ್ತ ನಿಂತಿದ್ದಳು. ತಾನು ಕಂಡದ್ದನ್ನು ಕಂಡೆನೆಂದು ಒಪ್ಪಿದರೆ ಆ ಕೂಸಿಗೆ ಹಲ್ಲು ಬರುವವರೆಗೂ ಹೆಸರಿಲ್ಲ.

"ನಾನು ಸರಿಯಾಗಿ ನೋಡಲೇ ಇಲ್ಲ ಸಾಹೇಬ್ರೇ. ಕತ್ತಲಿತ್ತು," ಎಂದಳು. "ಸೂಜಿ-ದಾರ ಇದ್ರೆ ಕೊಡಿ."

ಚಳಿಗಾಲದಲ್ಲಿ ರಾಜಧಾನಿ ಸೋಫಿಯಾದಿಂದ ತಪಾಸಣಾಧಿಕಾರಿ ಬಂದರು.

"ಈ ಅಜ್ಞಾತ ಕಂಪ್ಯೂಟರ್ ಯಾವಾಗಲಾದ್ರೂ ಕೆಟ್ಟಿದ್ದುಂಟಾ?"

"ಒಂದು ದಿನವೂ ಇಲ್ಲ ಸಾರ್," ಎಂದಳು ಪೆನ್ಕಾ. ಸುಳ್ಳೇನೂ ಆಗಿರಲಿಲ್ಲ.

"ವೈರಸ್?"

"ಹತ್ತಿರವೂ ಸುಳಿದಿಲ್ಲ."

"ಕರೆಂಟ್ ಹೋದ್ರೆ?"

"ಅದಕ್ಕೆ ಗೊತ್ತೇ ಆಗಲ್ಲ ಸಾರ್."

ಅಧಿಕಾರಿ ಅಲ್ಲೇ ಕೂತು, ಇಡೀ ಸಚಿವಾಲಯಕ್ಕೆ ಇಂಥವೇ ಬೇಕೆಂದು ಬೇಡಿಕೆ ಬರೆದರು. ಅದನ್ನು ಪೂರೈಸಲು ಮೇಯರರ ಭಾವಮೈದ ಊರಾಚೆ ಇಟ್ಟಿಗೆ ಭಟ್ಟಿ ಹಾಕಿದ. ಸ್ತುದೆನಾ ಬಾರಾದ ಮೊದಲ ಕಂಪ್ಯೂಟರ್ ಕಾರ್ಖಾನೆಯ ಉದ್ಘಾಟನೆಗೆ ಬ್ಯಾಂಡು ಬಾರಿಸಿತು, ಪೆನ್ಕಾ ರಿಬ್ಬನ್ ಕತ್ತರಿಸಿದಳು. ಗುಂಪಿನಲ್ಲಿದ್ದ ಗಾರೆ ಕೆಲಸದವರು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ತಂತ್ರಜ್ಞಾನ ಚೆನ್ನಾಗಿದೆ ಎಂದು ತಲೆದೂಗಿದರು.