ಹೂಂಗುಟ್ಟುವವರು ಬೇಕಾಗಿದ್ದಾರೆ

ಈ ಕತೆ ಹೇಳುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಭಾಷೆ ಉಳಿಸುವುದು ಓದಿದವರ ಕೆಲಸ. ನಾನು ಬೇಲಿಯ ಈಚೆ ನಿಂತು ನೋಡಿದವನು. ತಪ್ಪಿದ್ದರೆ ನನ್ನನ್ನು ಬೈಯಿರಿ, ದಯಾನಂದನನ್ನು ಬಿಟ್ಟುಬಿಡಿ. ಆ ದಿನ ಅವನನ್ನು ಬೈಯಲು ಜನರ ಕೊರತೆ ಇರಲಿಲ್ಲ.

ಎಲ್ಲಕ್ಕೂ ಮೂಲ ಒಂದು ‘ಹೂಂ’.

ದಯಾನಂದ ತಿಪಟೂರಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ. ಅಳಿಯುತ್ತಿರುವ ಭಾಷೆಗಳನ್ನು ಉಳಿಸಲೆಂದು ಆ ಸಂಸ್ಥೆ ಒಂದು ಆ್ಯಪ್ ಮಾಡಿತ್ತು. ಕತೆ ಹೇಳುವವರ ವಿಡಿಯೊ ತೆಗೆದು ಅದರೊಳಗೆ ಹಾಕಿದರೆ ಸಾಕು, ಅದು ತಾನೇ ದನಿ ಶುದ್ಧಿ ಮಾಡಿ, ಚಿತ್ರ ಬಿಡಿಸಿ, ಕೆಳಗೆ ಅಕ್ಷರ ಮೂಡಿಸಿ ಮಕ್ಕಳು ನೋಡುವ ಹಾಗೆ ಮಾಡಿಕೊಡುತ್ತಿತ್ತು. ಭಾಷೆ ಆಡುವವರೊಬ್ಬರು ಬೇಕು ಎಂಬುದೊಂದೇ ಅದರಲ್ಲಿದ್ದ ಕೊರತೆ. ಅಂಥವರನ್ನು ಹುಡುಕಲು ದಯಾನಂದನನ್ನು ಆರು ತಿಂಗಳ ಮಟ್ಟಿಗೆ ಇಟ್ಟುಕೊಂಡಿದ್ದರು. ಅದರಲ್ಲಿ ಐದು ತಿಂಗಳು ಇಪ್ಪತ್ತೊಂಬತ್ತು ದಿನ ತರಬೇತಿಯಲ್ಲಿ ಕಳೆದವು. ಕೊನೆಯ ದಿನ ಸಂಜೆ ಐದರೊಳಗೆ ಒಂದು ಕತೆಯಾದರೂ ಬಂದರೆ ಕೆಲಸ ಮುಂದುವರಿಯುತ್ತದೆ, ಬಾರದಿದ್ದರೆ ನಾಳೆಯಿಂದ ತೊಂದರೆ ತೆಗೆದುಕೊಳ್ಳಬೇಡಿ ಎಂದು ಸಂಸ್ಥೆಯ ಭವ್ಯಶ್ರೀ ಮೇಡಂ ನಯವಾಗಿ ತಿಳಿಸಿದ್ದರು.

ಹೊನ್ನವಳ್ಳಿಯ ಕೊಲ್ಲಾಪುರಮ್ಮನ ಹಿರಿಯರು ಊರೂರು ತಿರುಗಿ ಉಪ್ಪು ಮಾರುತ್ತಿದ್ದವರು. ಅವರ ಮನೆಮಾತಿಗೆ ಲಿಪಿಯಿಲ್ಲ. ಮೊಮ್ಮಕ್ಕಳಿಗೆ ಊಟಕ್ಕೆ ಕರೆದರೆ ತಿಳಿಯುವಷ್ಟು ಬರುತ್ತಿತ್ತು. ಕತೆ ಹೇಳುವಷ್ಟು ಉಳಿದಿದ್ದುದು ಎಂಬತ್ತು ದಾಟಿದ ಈ ಅಜ್ಜಿಯ ಬಾಯಲ್ಲಿ ಮಾತ್ರ. ಅವರ ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆಗೆ ಬಂದಿರಲಿಲ್ಲ.

ಬೆಳಗ್ಗೆ ಹತ್ತಕ್ಕೆ ದಯಾನಂದ ಜಗಲಿಯ ಮುಂದೆ ಫೋನಿನ ಸ್ಟ್ಯಾಂಡ್ ನಿಲ್ಲಿಸಿ, ಅಜ್ಜಿಯ ಸೆರಗಿಗೆ ಮೈಕು ಸಿಕ್ಕಿಸಿದ. ಬೇರೆಯವರ ಉಸಿರೂ ಕೇಳಬಾರದೆಂದು ಸಂಸ್ಥೆಯ ಕೈಪಿಡಿಯಲ್ಲಿ ಕೆಂಪಕ್ಷರದಲ್ಲಿತ್ತು. ಅಜ್ಜಿ ತಮ್ಮ ಮಾತಿನಲ್ಲಿ ಕತೆ ಶುರುಮಾಡಿ, ನಾಲ್ಕು ವಾಕ್ಯಕ್ಕೆ ನಿಲ್ಲಿಸಿದರು.

“ಮಲೀಕಂಡ್ಯೇನಪ್ಪ?”

ದಯಾನಂದ ಇಲ್ಲವೆಂದು ತಲೆಯಾಡಿಸಿದ. ಪೊರೆ ಬಂದ ಕಣ್ಣಿಗೆ ತಲೆ ಕಾಣಲಿಲ್ಲ.

“ಕತೆ ಕೇಳೋರು ಹೂಂ ಅನ್ನಬೇಕು ಕಣಪ್ಪ. ಹೂಂ ನಿಂತ್ರೆ ಕತೆ ನಿಂತಂಗೆ. ನಿಂತಿದ್ದನ್ನ ಮೊದ್ಲಿಂದ್ಲೇ ಹೇಳಬೇಕು, ಅದು ನಮ್ ಪದ್ಧತಿ.”

ದಯಾನಂದ ಕೈಪಿಡಿಯ ವಿಚಾರ ವಿವರಿಸಿದ. ಕೈಪಿಡಿ ಬರೆದವರಿಗೆ ಅಜ್ಜಿ ಇರಲಿಲ್ಲವೇ ಎಂದು ಅವರು ಕೇಳಿದರು. ದಯಾನಂದ ಕೈಪಿಡಿ ಮುಚ್ಚಿ ಚೀಲಕ್ಕೆ ಹಾಕಿದ.

ಎರಡನೆಯ ಸಲ ಅವನೇ ಹೂಂಗುಟ್ಟಿದ. ಅರ್ಥವಾಗದ ಕತೆಗೆ ಹೂಂ ಅನ್ನುವುದು ಕತ್ತಲೆಯಲ್ಲಿ ಮೆಟ್ಟಿಲಿಳಿದ ಹಾಗೆ. ಕತೆ ಅರ್ಧಕ್ಕೆ ಬಂದಾಗ ಅಜ್ಜಿ ಮೈಕನ್ನೇ ಕಿತ್ತು ಕೈಗೆ ತೆಗೆದುಕೊಂಡರು.

“ಅಲ್ಲಿ ಆ ಹೆಣ್ಮಗಳು ಬಾವಿಗೆ ಬಿದ್ದವ್ಳೆ. ನೀನು ಹೆಣ್ಣು ಒಪ್ಗೆ ಆದಂಗೆ ಹೂಂ ಅಂತೀಯಲ್ಲ.”

ಮೂರನೆಯ ಸಲಕ್ಕೆ ಪಕ್ಕದ ಅಂಗಳದಲ್ಲಿ ಹುಚ್ಚಣ್ಣ ತೆಂಗಿನಕಾಯಿ ಸುಲಿಯಲು ನಿಂತ. ಕಬ್ಬಿಣದ ಗೂಟಕ್ಕೆ ಕಾಯಿ ಹೊಡೆದಾಗಲೆಲ್ಲ ಮೈಕಿಗೆ ಸಿಡಿಲು ಬಡಿದಂತಾಗುತ್ತಿತ್ತು. ದಯಾನಂದ ಬೇಲಿಯ ಬಳಿ ಹೋಗಿ ಕೈಮುಗಿದ. ಸಾವಿರ ಕಾಯಿ ಕಾಯುತ್ತಿವೆ ಎಂದ ಹುಚ್ಚಣ್ಣ, ಭಾಷೆ ಸಾಯುತ್ತಿದೆ ಎಂದು ಕೇಳಿ ಮರುಗಿ, ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಬಂದು ಜಗಲಿಯ ಮೇಲೆ ಕುಳಿತ.

“ನೀವ್ ಬುಡಿ ಮೇಷ್ಟ್ರೇ, ನಿಮ್ಮ ಹೂಂಗೆ ಎದೆ ಇಲ್ಲ. ನಾನಂತೀನಿ.”

ಅವನ ಹೂಂ ಬೋರ್‌ವೆಲ್ಲಿನ ಆಳದಿಂದ ಬಂದಂತಿತ್ತು. ಅಜ್ಜಿಗೆ ಹಿಡಿಸಿತು. ಅಷ್ಟರಲ್ಲಿ ಎದುರುಮನೆಯ ಪುಷ್ಪಲತಾ, ಹೆಂಗಸಿನ ಕಷ್ಟದ ಕತೆಗೆ ಗಂಡಸರು ಹೂಂಗುಟ್ಟಿದರೆ ಏನು ಚೆಂದ ಎಂದು ತಾನೂ ಬಂದು ಕುಳಿತಳು. ಇಬ್ಬರ ಹೂಂಗಳಲ್ಲಿ ಯಾವುದು ಮೊದಲು ಎಂಬ ಜಗಳಕ್ಕೆ ನಾಲ್ಕನೆಯ ಸಲ ಹೋಯಿತು. ಹುಚ್ಚಣ್ಣನ ಕೆಮ್ಮಿಗೆ ಐದನೆಯದು, ಊಟಕ್ಕೆ ಆರನೆಯದು.

ಏಳನೆಯ ಸಲಕ್ಕೆ ಒಂದು ವಿಚಿತ್ರ ನಡೆಯಿತು. ಬಾವಿ ಬರುವ ಮೊದಲೇ ಹುಚ್ಚಣ್ಣ ದನಿ ಇಳಿಸಿದ. ಪುಷ್ಪಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಡುವೆ ಅಜ್ಜಿ ಉಸಿರು ತೆಗೆದುಕೊಂಡಾಗ ಮುಂದಿನ ಮಾತನ್ನು ಇಬ್ಬರೂ ಅಜ್ಜಿಯ ಭಾಷೆಯಲ್ಲೇ ಪಿಸುಗುಟ್ಟಿದರು. ಆ್ಯಪಿನ ಸಹಾಯವಿಲ್ಲದೆ ಭಾಷೆ ಬೇಲಿ ದಾಟಿತ್ತು. ಅದನ್ನು ಬರೆದುಕೊಳ್ಳಲು ಸಂಸ್ಥೆಯ ಫಾರಂನಲ್ಲಿ ಜಾಗವಿಲ್ಲದ್ದರಿಂದ ದಯಾನಂದ ಬರೆದುಕೊಳ್ಳಲಿಲ್ಲ.

ನಾಲ್ಕೂವರೆಗೆ ಕತೆ ಮುಗಿಯಿತು. ಕತೆಯ ತುಂಬ ಹೂಂಗಳಿದ್ದವು. ಕೈಪಿಡಿಗೆ ಹೆದರಿದ ದಯಾನಂದ ‘ಬೇಡದ ಸದ್ದು ತೆಗೆಯಿರಿ’ ಎಂಬ ಗುಂಡಿ ಒತ್ತಿದ. ಕಳಿಸಿದ ಮೇಲೆ ಫೋನಿನಲ್ಲಿರುವ ಮೂಲವನ್ನು ಅಳಿಸಲೇ ಎಂದು ಆ್ಯಪ್ ಕೇಳಿತು. ಸಂಸ್ಥೆಯ ಫೋನಿನಲ್ಲಿ ಜಾಗ ಹಾಳು ಮಾಡಬಾರದೆಂಬ ನಿಯತ್ತಿನಿಂದ ಹೌದು ಎಂದ. ವಿಡಿಯೊ ಹೋಗುವಷ್ಟು ನೆಟ್‌ವರ್ಕಿಗಾಗಿ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ, ಐದಕ್ಕೆ ಎಂಟು ನಿಮಿಷವಿರುವಾಗ ಕಳಿಸಿಯೇಬಿಟ್ಟ.

ಐದೂವರೆಗೆ ಶುದ್ಧವಾದ ವಿಡಿಯೊ ಅಲ್ಲಿಗೇ ವಾಪಸು ಬಂತು, ಅದನ್ನು ಹಿಡಿದು ಜಗಲಿಗೆ ಇಳಿದು ಬಂದ. ಎಲ್ಲರೂ ಫೋನಿನ ಸುತ್ತ ಕೂತರು. ಅಜ್ಜಿಯ ಬಾಯಿ ಆಡುತ್ತಿತ್ತು, ಮಾತಿರಲಿಲ್ಲ. ಹನ್ನೊಂದು ನಿಮಿಷ ಹುಚ್ಚಣ್ಣ, ಪುಷ್ಪಲತಾ ಸ್ಫಟಿಕದಂಥ ದನಿಯಲ್ಲಿ ಹೂಂಗುಟ್ಟುತ್ತಿದ್ದರು. ಕೆಳಗೆ ಮುದ್ದಾದ ಅಕ್ಷರದಲ್ಲಿ ಹೂಂ, ಹೂಂ, ಹೂಂ ಎಂದು ಮೂಡುತ್ತಿತ್ತು. ಆ್ಯಪಿಗೆ ತಿಳಿಯುತ್ತಿದ್ದುದು ಹೂಂ ಒಂದೇ. ತಿಳಿಯದ ಭಾಷೆಯನ್ನು ಅದು ಗಾಳಿಯ ಸದ್ದೆಂದು ತೆಗೆದುಹಾಕಿತ್ತು.

ಅಜ್ಜಿ ಕಿವಿಗೊಟ್ಟು ಕೇಳಿದರು. “ಎಲ್ಲಾ ನೀವೇ ಕೇಳಿಸ್ಕತಾ ಇದ್ದೀರಲ್ಲ, ಹೇಳ್ತಿರೋರು ಯಾರು?”

ಇನ್ನೊಂದು ಸಲ ಹೇಳಿ ಎಂದು ದಯಾನಂದ ಬೇಡಿಕೊಂಡ. ಏಳು ಸಲ ಹೇಳಿದ ಗಂಟಲು ಇವತ್ತಿಗೆ ಏಳುವುದಿಲ್ಲ ಎಂದು ಅಜ್ಜಿ ಗೋಡೆಗೊರಗಿದರು. ಅಷ್ಟರಲ್ಲಿ ಭವ್ಯಶ್ರೀ ಮೇಡಂ ಫೋನ್ ಬಂತು. ದಯಾನಂದ ಸ್ಪೀಕರಿಗೆ ಹಾಕಿದ.

“ದಯಾನಂದ್, ದನಿ ಶುದ್ಧತೆ ನೂರಕ್ಕೆ ನೂರು ಬಂದಿದೆ. ಇಷ್ಟು ಅಳಿವಿನ ಅಂಚಿಗೆ ಬಂದ ಭಾಷೆ ನಮಗೆ ಸಿಕ್ಕೇ ಇರಲಿಲ್ಲ. ಒಂದೇ ಒಂದು ಪದ ಉಳಿದಿದೆ ನೋಡಿ.”

ಅದು ಹಾಗಲ್ಲ ಎಂದು ಅವನು ವಿವರಿಸಲು ಹೋದ. ಮೇಡಂ ಮಾತು ಮುಂದೆ ಓಡಿತ್ತು. ಆ ಭಾಷೆ ಬಲ್ಲವರಿಗೇ ಕೆಲಸ ಕೊಡಬೇಕೆಂದು ಸಂಸ್ಥೆ ತೀರ್ಮಾನಿಸಿದೆಯಂತೆ. ದಯಾನಂದನ ಸೇವೆಗೆ ಧನ್ಯವಾದವಂತೆ. ಆ ಗಂಭೀರ ದನಿಯವರು ಹತ್ತಿರದಲ್ಲಿದ್ದಾರೆಯೇ ಎಂದು ಕೇಳಿದರು. ಪುಷ್ಪಲತಾ ಫೋನನ್ನು ಹುಚ್ಚಣ್ಣನ ಬಾಯಿಗೆ ಹಿಡಿದಳು.

“ನಮ್ಮ ಸಂಸ್ಥೆಗೆ ಕೆಲಸಕ್ಕೆ ಬರ್ತೀರಾ ಸರ್?”

ಹುಚ್ಚಣ್ಣ ದಯಾನಂದನನ್ನು ನೋಡಿದ, ಸುಲಿಯದೆ ಉಳಿದ ಕಾಯಿಯ ರಾಶಿ ನೋಡಿದ. ಬೆಳಗ್ಗೆಯಿಂದ ಅಭ್ಯಾಸವಾದ ಬಾಯಿ.

“ಹೂಂ.”

“ಎಂಥ ಉಚ್ಚಾರಣೆ,” ಎಂದರು ಮೇಡಂ.

ಹುಚ್ಚಣ್ಣ ಈಗ ತಿಪಟೂರಿನಲ್ಲಿ ತರಬೇತಿಯಲ್ಲಿದ್ದಾನೆ. ದಯಾನಂದ ಅವನ ಅಂಗಳದಲ್ಲಿ ಉಳಿದ ಕಾಯಿ ಸುಲಿಯುತ್ತಿದ್ದಾನೆ. ಗೂಟ ಇನ್ನೂ ಅವನ ಕೈಗೆ ಪಳಗಿಲ್ಲ. ಮೊನ್ನೆ ನಾನು ಹೋಗಿ ಆ ಕತೆಯಲ್ಲಿ ಕೊನೆಗೆ ಏನಾಯಿತೆಂದು ಅಜ್ಜಿಯನ್ನು ಕೇಳಿದೆ. ಹೇಳುತ್ತೇನೆ, ಆದರೆ ಹೂಂ ಅನ್ನುವವರು ಯಾರು ಎಂದರು. ನಾನನ್ನುತ್ತೇನೆ ಎನ್ನಲು ಬಾಯಿ ತೆರೆದೆ. ಎಲ್ಲಿ ತಪ್ಪಿಬಿಡುತ್ತೇನೋ ಎಂದು ಮುಚ್ಚಿಕೊಂಡೆ. ಬಾವಿಗೆ ಬಿದ್ದವಳು ಮೇಲೆ ಬಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.