ಇನ್ನೆರಡು ಸಲ ಕೇಳಬೇಕೆಂದು ಕೋರಿ

ಇಂದ,
ಸೃಷ್ಟಿ ತುರಮರಿ,
ಬಿ.ಕಾಂ. ಅಂತಿಮ ವರ್ಷ,
ಖಾಸಬಾಗ, ಬೆಳಗಾವಿ.
(ಇನ್ನು ಮುಂದೆ ‘ಅರ್ಜಿದಾರಳು’)

ಗೆ,
ಶ್ರೀಮತಿ ಪ್ರಾಜಕ್ತಾ ದೇಸೂರಕರ,
ಮುಖ್ಯಸ್ಥರು, ನೇಮಕಾತಿ ವಿಭಾಗ,
ಹಾರ್ನ್‌ಡೇಲ್ ತಾರಾಬಾಗ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್, ಮುಂಬೈ.
(ಮೂಲತಃ ಖಾನಾಪುರ. ಇದು ಮುಂದೆ ಮುಖ್ಯವಾಗುತ್ತದೆ.)

ವಿಷಯ: ಅರ್ಜಿದಾರಳು ಬೇಡ ಎಂದಿದ್ದನ್ನು ಬೇಡ ಎಂದು ತಿಳಿಯದಿರುವ ಕುರಿತು.

ಉಲ್ಲೇಖ: ಅ) ತಮ್ಮ ಮಂಗಳವಾರದ ದೂರವಾಣಿ ಕರೆ.
ಆ) ಸದರಿ ಕರೆಯಲ್ಲಿ ಅರ್ಜಿದಾರಳು ಆಡಿದ ‘ಬ್ಯಾಡ್ರಿ’.
ಇ) ‘ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ’ ಎಂಬ ತಮ್ಮ ಇಮೇಲ್.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ,

೧. ತಮ್ಮದು ಪಾಸ್‌ಬುಕ್ ತುಂಬಿಸಿ ಕೊಡುವ ಬ್ಯಾಂಕಲ್ಲ, ಕಂಪನಿಗಳನ್ನು ಕೊಳ್ಳುವವರಿಗೂ ಮಾರುವವರಿಗೂ ಬೆಲೆ ಕಟ್ಟಿ ಸಲಹೆ ಹೇಳುವ ಬ್ಯಾಂಕು ಎಂಬುದನ್ನು ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಅರ್ಜಿದಾರಳಿಗೆ ಸಾಕುಸಾಕಾಯಿತು. ಬೀಡಿ ಗ್ರಾಮದಲ್ಲಿರುವ ಅಜ್ಜಿ ಶಿವಬಸವ್ವ ಇಂದಿಗೂ ತುಂಬಿಸಿಕೊಂಡು ಬಾ ಎಂದು ತನ್ನ ಪಾಸ್‌ಬುಕ್ಕನ್ನು ಅವಳ ಚೀಲದಲ್ಲಿ ಇಟ್ಟು ಕಳಿಸುತ್ತಾರೆ. ಇಂಟರ್ನ್‌ಶಿಪ್ ಸಂದರ್ಶನಕ್ಕೆ ತಯಾರಿ ಮಾಡಿಸುವ ಹೊಣೆ ದೊಡ್ಡಪ್ಪ ಸಿದ್ದಪ್ಪನವರ ಮೇಲೆ ಬಿತ್ತು. ಅವರು ಮಚ್ಛೆಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಾರೆ. ಆಯ್ಕೆಗೆ ಕಾರಣ, ಮನೆಯಲ್ಲಿ ಕೋಟು ಇರುವುದು ಅವರೊಬ್ಬರಿಗೇ.

೨. ದೊಡ್ಡಪ್ಪ ದಿನಾ ಸಂಜೆ ಕೋಟು ತೊಟ್ಟು ಕುಳಿತು, ‘ಯಂತ್ರದ ಸವಕಳಿ ಹೆಚ್ಚಾದರ ಲಾಭಕ್ಕ ಏನಾಕ್ಕೈತಿ, ನಗದಿಗೆ ಏನಾಕ್ಕೈತಿ’ ಎಂದು ಪುಸ್ತಕ ನೋಡಿ ಕೇಳುತ್ತಿದ್ದರು. ಅರ್ಜಿದಾರಳು ಏನು ಹೇಳಿದರೂ ‘ಬರೋಬರಿ’ ಎನ್ನುತ್ತಿದ್ದರು. ಕೊನೆಯ ಪ್ರಶ್ನೆ ಮಾತ್ರ ಅವರ ಸ್ವಂತದ್ದು.

“ಹಂಗಾರ ಕೆಲಸಕ್ಕ ಬರ್ತಿಯೇನವಾ?”

“ಬ್ಯಾಡ್ರಿ ದೊಡ್ಡಪ್ಪಾ.”

“ಏ, ಬಾರವಾ.”

“ಇರ್ಲಿ ಬಿಡ್ರಿ, ನನಗ್ಯಾಕ.”

“ನನ್ನ ಆಣಿ ಐತಿ ನೋಡು.”

“ಆತ್ರಿ ಹಂಗಾರ.”

ಇಷ್ಟಾದ ಮೇಲೆ ದೊಡ್ಡಪ್ಪ ಅವಳನ್ನು ಪಾಸು ಮಾಡಿ ಕೋಟು ಕಳಚುತ್ತಿದ್ದರು. ಇದರಲ್ಲಿ ತಪ್ಪೇನಿದೆ ಎಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ತಮಗೂ ತಿಳಿದಿರುವಂತೆ ನಮ್ಮ ಕಡೆ ಮೊದಲ ಸಲ ಕೇಳಿದಾಗ ಬೇಡ ಎನ್ನುವುದು, ಎರಡನೇ ಸಲ ಅದನ್ನೇ ಸ್ವಲ್ಪ ಮೆತ್ತಗೆ ಎನ್ನುವುದು, ಮೂರನೇ ಸಲ ಆಣೆ ಹಾಕಿದ ಮೇಲೆ ತಟ್ಟೆಗೆ ಕೈ ಹಾಕುವುದು ಚಾಲ್ತಿಯಲ್ಲಿರುವ ನಿಯಮ. ಮೊದಲ ಸಲಕ್ಕೇ ಹೂಂ ಎಂದವರನ್ನು ಬರಗೆಟ್ಟವರು ಎನ್ನುತ್ತಾರೆ.

೩. ಅರ್ಜಿದಾರಳು ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿ ಬೇಸಿಗೆಯಲ್ಲಿ ತಮ್ಮ ಮುಂಬೈ ಕಚೇರಿಯಲ್ಲಿ ಕೆಲಸ ಮಾಡಿದ್ದು ಸರಿಯಷ್ಟೆ. ಮೊದಲ ವಾರ ಬಾಜು ಕುರ್ಚಿಯ ಗೌರವ ಎಂಬುವರು ಪಿಜ್ಜಾ ತರಿಸಿ, ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವಳು ಬೇಡ ಎಂದಳು. ಅವರು ಅದನ್ನು ಅಕ್ಷರಶಃ ನಂಬಿ ಎಲ್ಲವನ್ನೂ ತಿಂದರು. ಮರುದಿನವೂ ಅಷ್ಟೇ. ಹೊಟ್ಟೆ ಚುರುಗುಟ್ಟಿದ ಮೇಲೆ ಅವಳಿಗೆ ಬುದ್ಧಿ ಬಂದು, ಇಂಗ್ಲಿಷಿನಲ್ಲಿ ಯಾರು ಏನು ಕೊಟ್ಟರೂ ತಕ್ಷಣ ‘ಯೆಸ್’ ಎನ್ನಲು ಕಲಿತಳು. ಆದ್ದರಿಂದ ಇಂಗ್ಲಿಷಿನ ಮಟ್ಟಿಗೆ ಈ ತೊಂದರೆ ನಿವಾರಣೆಯಾಗಿರುತ್ತದೆ.

೪. ಹೀಗಿರುವಾಗ ಮಂಗಳವಾರ ತಾವು ಖುದ್ದು ಫೋನ್ ಮಾಡಿದಿರಿ. ಅರ್ಜಿದಾರಳು ಯೆಸ್ ಎಂಬ ಪದವನ್ನು ನಾಲಿಗೆಯ ಮೇಲೇ ಇಟ್ಟುಕೊಂಡಿದ್ದಳು. ಆದರೆ ತಾವು ಪ್ರೀತಿಯಿಂದ, “ನಾನೂ ಖಾನಾಪುರದಾಕೀನ ಅದೀನವಾ. ನಿನ್ನ ಕಾಯಂ ಕೆಲಸಕ್ಕ ತಗೋಬೇಕಂತ ಎಲ್ಲಾರೂ ಒಪ್ಯಾರ. ಬರ್ತಿಯಲ್ಲಾ?” ಎಂದು ಕನ್ನಡದಲ್ಲಿ ಕೇಳಿದಿರಿ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅವಳ ಬಾಯಿ ತಾನಾಗಿ, “ಅಯ್ಯ, ನನಗ್ಯಾಕ್ರೀ ಅಕ್ಕಾರ, ಬ್ಯಾಡ್ರಿ. ಬ್ಯಾರೆ ಯಾರಿಗರ ಕೊಡ್ರಿ” ಎಂದುಬಿಟ್ಟಿತು. ತಾವು “ಖರೇನ?” ಎಂದಿರಿ. ಅವಳು “ಖರೇನ್ರಿ” ಎಂದಳು. ತಾವು “ಆತವಾ, ಛಲೋ ಆಗ್ಲಿ” ಎಂದು ಫೋನ್ ಇಟ್ಟಿರಿ. ಇಲ್ಲಿ ‘ಖರೇನ’ ಎಂಬುದು ವಿಚಾರಣೆಯೇ ಹೊರತು ಒತ್ತಾಯವಲ್ಲವಾದ ಕಾರಣ, ಅದನ್ನು ಎರಡನೇ ಸಲವೆಂದು ಪರಿಗಣಿಸಲು ಬರುವುದಿಲ್ಲ.

೫. ಸುದ್ದಿ ಕೇಳಿ ಮನೆಯಲ್ಲಿ ಸಂತೋಷಪಟ್ಟರು. ದೊಡ್ಡಪ್ಪ, “ಇನ್ನೆರಡ ಸಲ ಫೋನ್ ಬಂದ್ರ ಮುಗೀತು” ಎಂದು ಚಾರ್ಜರ್ ಹಚ್ಚಿದರು. ಹೋಳಿಗೆಯನ್ನೂ ಮಾಡಲಾಯಿತು. ಹೋಳಿಗೆ ಮುಗಿಯಿತು, ಫೋನ್ ಬರಲಿಲ್ಲ. ಬಂದದ್ದು ಉಲ್ಲೇಖ (ಇ)ರ ಇಮೇಲ್. ಸೋಮವಾರ ಆ ಸ್ಥಾನವನ್ನು ಕಾಯುವ ಪಟ್ಟಿಯಲ್ಲಿರುವವರಿಗೆ ಕೊಡಲಾಗುವುದು ಎಂದು ಅದರಲ್ಲಿತ್ತು. ಅರ್ಜಿದಾರಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಿರುತ್ತಾಳೆ.

೬. ವಿಷಯ ತಿಳಿದು ಅಜ್ಜಿ ಶಿವಬಸವ್ವ ಬೀಡಿಯಿಂದ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ, ಕಂಡಕಂಡವರನ್ನು ಕೇಳಿ, ಮಾನ್ಯರ ತಾಯಿ ಗಂಗೂಬಾಯಿಯವರ ಮನೆ ಪತ್ತೆ ಹಚ್ಚಿದರು. ಗಂಗೂಬಾಯಿಯವರು ಚಹಾ ಕುಡಿಯಿರಿ ಎಂದು ನಿಯಮದಂತೆ ಮೂರು ಸಲ ಕೇಳಿದರು. ಅಜ್ಜಿ ಅರ್ಧ ಕಪ್ಪು ಸಾಕು ಎಂದು ಎರಡು ಕಪ್ಪು ಕುಡಿದು ವಿಷಯಕ್ಕೆ ಬಂದರು.

“ನಿಮ್ಮ ಮಗಳು ನಮ್ಮ ಹುಡುಗಿಗೆ ಒಂದ ಸಲ ಕೇಳಿ ಫೋನ್ ಇಟ್ಟಾಳ್ರಿ.”

ಗಂಗೂಬಾಯಿಯವರು ಖಾಲಿ ಕಪ್ಪನ್ನು ಎತ್ತಿ ಬದಿಗಿಟ್ಟರು. ಆಮೇಲೆ ಹೇಳಿದರು: “ಮುಂಬೈದಾಗ ಯಾರೂ ಎರಡನೇ ಸಲ ಕೇಳಂಗಿಲ್ಲಂತ್ರಿ. ಮೊದಮೊದಲ ನಮ್ಮ ಪ್ರಾಜಕ್ತಾನೂ ಬ್ಯಾಡ ಅಂದು ಅಂದು ಭಾಳ ಉಪಾಸ ಬಿದ್ಲು. ಫೋನಿನ್ಯಾಗ ಅಳತಿದ್ಲು. ಆಮ್ಯಾಲೆ ಆಕೀನೂ ಕೇಳೂದು ಬಿಟ್ಲು.”

ಇದನ್ನು ಅಜ್ಜಿ ಬಂದು ಹೇಳಿದಾಗ ಅರ್ಜಿದಾರಳಿಗೆ ತಮ್ಮ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧ ಚಾಲ್ತಿಯಲ್ಲಿದೆ.

೭. ಅರ್ಜಿದಾರಳನ್ನು ತಿದ್ದುವ ಪ್ರಯತ್ನವೂ ನಡೆದಿದೆ. ನಿನ್ನೆ ದೊಡ್ಡಪ್ಪ ಮತ್ತೆ ಕೋಟು ತೊಟ್ಟು, “ಈ ಸಲ ಒಂದ ಏಟಿಗೆ ಹೂಂ ಅನಬೇಕು” ಎಂದು ತಾಕೀತು ಮಾಡಿ ಅವಲಕ್ಕಿಯ ತಟ್ಟೆ ಮುಂದೆ ಹಿಡಿದರು. ಅವಳು “ಬ್ಯಾಡ್ರಿ” ಎಂದಳು. ಕೆಲಸ ಬೇಕೇನು ಎಂದರೂ ಅದನ್ನೇ ಎಂದಳು. ಫಲಿತಾಂಶ ಶೂನ್ಯ.

೮. ಬಾಯಿಂದ ಬರುವುದಿಲ್ಲವಾದ್ದರಿಂದ ಬರವಣಿಗೆಯಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಅರ್ಜಿದಾರಳಿಗೆ ಈ ಕೆಲಸ ಬೇಕು. ಮೊದಲ ದಿನದಿಂದಲೂ ಬೇಕಾಗಿತ್ತು. ಈ ಮಾತನ್ನು ಅವಳು ಇದುವರೆಗೆ ಯಾರ ಮುಂದೆಯೂ, ತಾಯಿಯ ಮುಂದೆಯೂ ಆಡಿರುವುದಿಲ್ಲ. ಬರೆದ ಮೇಲೆ ನಾಚಿಕೆಯಾಗಿ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ.

ಆದ್ದರಿಂದ, ಮೇಲಿನ ಕಾರಣಗಳನ್ನು ಪರಿಶೀಲಿಸಿ, ಮಂಗಳವಾರದ ಕರೆಯನ್ನು ಮೊದಲನೇ ಸಲವೆಂದು ದಾಖಲಿಸಿಕೊಂಡು, ಬಾಕಿ ಎರಡು ಸಲಗಳನ್ನು ಸೋಮವಾರದೊಳಗಾಗಿ ಕೇಳಿ ಮುಗಿಸಬೇಕಾಗಿ ಪ್ರಾರ್ಥನೆ.

ತಟ್ಟೆ ಮುಂದಿಟ್ಟುಕೊಂಡು ಕಾದಿರುವ
ತಮ್ಮ ವಿಶ್ವಾಸಿ,
ಸೃಷ್ಟಿ ತುರಮರಿ

ಅಡಕಗಳು:
ಅ) ದೊಡ್ಡಪ್ಪನವರು ಕೊಟ್ಟ ಉತ್ತೀರ್ಣ ಪತ್ರ, ಕಾರ್ಖಾನೆಯ ಮೊಹರಿನೊಂದಿಗೆ.
ಆ) ‘ನಾ ಹಿಂಗ ಕಲಿಸಿಲ್ಲ’ ಎಂಬ ಗಂಗೂಬಾಯಿಯವರ ಹೇಳಿಕೆ, ಸಹಿಯೊಂದಿಗೆ.
ಇ) ಕುಂದಾ, ಒಂದು ಡಬ್ಬಿ. ತಾವು ಬೇಡ ಎನ್ನುವಿರೆಂದು ತಿಳಿದೇ ಕಳಿಸಿದೆ.

ವಿ.ಸೂ.: ಮೂರನೇ ಸಲ ಆಣೆ ಹಾಕಿದರೂ ಅರ್ಜಿದಾರಳು ಗಾಬರಿಯಲ್ಲಿ ತಟ್ಟೆಗೆ ಕೈ ಅಡ್ಡ ಹಿಡಿಯುವ ಸಂಭವವಿದೆ. ಹಾಗಾದಲ್ಲಿ, ತಮ್ಮ ತಾಯಿಯವರು ಮಾಡುವಂತೆ, ಮುಂದೆ ಏನನ್ನೂ ಕೇಳದೆ ಬೆರಳ ಸಂದಿಯಿಂದಲೇ ಬಡಿಸಿಬಿಡಬೇಕಾಗಿ ವಿನಂತಿ.